ಬರ್ಮಿಂಗ್‌ಹ್ಯಾಮಿನಲ್ಲಿ ಅಲುಗಿದ ನೆಲ

'ದೇಶ ಸುತ್ತು, ಕೋಶ ಓದು' ಅಂತ ಯಾರಾದರೂ ನನ್ನ ಮುಂದೆ ಹೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ಗಾದೆ ಸುಳ್ಳು ಅಂತಲ್ಲ. ಹೇಳುವವರ ಠೀವಿ ಹಾಗಿರುತ್ತದೆ. ವಿಮಾನ ಹತ್ತಿ ಇಳಿದುಬಿಟ್ಟರೆ ಸಾಕು, ಬುದ್ಧಿ ತಾನೇ ಬಂದು ತಲೆಗೆ ಸೇರಿಕೊಳ್ಳುತ್ತದೆ ಅನ್ನುವ ಹಾಗೆ ಮಾತಾಡುತ್ತಾರೆ. ನಾನು ಭೂಗೋಳದ ಟೀಚರು. ಕೆಲಸಕ್ಕೆ ಸೇರಿದಂದಿನಿಂದ ನಕ್ಷೆಯ ಮೇಲೆ ಕೋಲಿಟ್ಟು ನಾನು ನೋಡದ ನದಿಗಳನ್ನೇ ತೋರಿಸಿದವಳು. ಸಮುದ್ರ ದಾಟಿದ್ದು ಒಂದೇ ಒಂದು ಸಲ, ಅದೂ ನನಗೆ ಯಾವುದರಲ್ಲೂ ಆಸೆ ಇಲ್ಲದ ಕಾಲದಲ್ಲಿ.

ಎಂಬತ್ತರ ದಶಕದ ಮಾತು. ನನ್ನ ಗಂಡ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಒಳಗಿನ ಕೆಲಸದವರು. ಸುರಂಗದ ಮಾಡು ಕುಸಿಯದ ಹಾಗೆ ಮರದ ದಿಮ್ಮಿಗಳ ಆಸರೆ ಕೊಡುವುದು ಅವರ ಕೆಲಸ. ಇಬ್ಬರೂ ಬಂಗಾರಪೇಟೆ ಕಡೆಯ ಹಳ್ಳಿಯವರೇ, ಹೊಲ ಮನೆ ದನ ಕಂಡು ಬೆಳೆದವರು. ಅವರಿಗೆ ಗಣಿಯಲ್ಲಿ ಕೆಲಸ ಸಿಕ್ಕಿತು, ನನಗೆ ಅಲ್ಲೇ ಸಿಸ್ಟರ್‌ಗಳು ನಡೆಸುತ್ತಿದ್ದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕಾರ್ಮಿಕರ ಲೈನಿನಲ್ಲಿ ಒಂದು ಕೋಣೆಯ ಮನೆ. ಆ ಕಡೆ ತಮಿಳು, ಈ ಕಡೆ ತೆಲುಗು, ನಡುವೆ ನಮ್ಮ ಕನ್ನಡ. ಜಗಳವಾಡುವಾಗ ಮೂರೂ ಬೇಕಾಗುತ್ತಿತ್ತು.

ಆ ಗಣಿ ಬಹಳ ಆಳ. ಅಷ್ಟು ಆಳದಲ್ಲಿ ಬಂಡೆ ಮೇಲಿನ ಭಾರ ತಡೆಯಲಾರದೆ ಒಮ್ಮೊಮ್ಮೆ ತಾನಾಗಿಯೇ ಸಿಡಿಯುತ್ತದೆ. ಅದಕ್ಕೆ ರಾಕ್ ಬರ್ಸ್ಟ್ ಅನ್ನುತ್ತಾರೆ. ಮೇಲಿರುವ ನಮಗೆ ಅಂಗಾಲಿನಡಿ ನೆಲ ನಡುಗುತ್ತದೆ, ಗೂಡಿನಲ್ಲಿಟ್ಟ ತಟ್ಟೆ ಲೋಟ ಗಲಗಲ ಅನ್ನುತ್ತವೆ. ಬೇರೆ ಊರಿನವರು ಭೂಕಂಪ ಅಂತ ಕೂಗಾಡುತ್ತಾರೆ. ನಮ್ಮ ಲೈನಿನಲ್ಲಿ ಯಾರೂ ಕೂಗುತ್ತಿರಲಿಲ್ಲ. ಒಲೆ ಮೇಲಿನದನ್ನು ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೆಂಗಸರೆಲ್ಲ ಹೊರಗೆ ಬಂದು ನಿಂತು ಶಾಫ್ಟ್ ಮೇಲಿನ ದೊಡ್ಡ ಚಕ್ರದ ಕಡೆ ನೋಡುತ್ತಿದ್ದರು. ಜನರನ್ನು ಒಳಗೆ ಇಳಿಸುವ, ಮೇಲೆ ತರುವ ತೊಟ್ಟಿಲನ್ನು ಎಳೆಯುವ ಚಕ್ರ ಅದು. ಎಂದಿನ ಹಾಗೆ ತಿರುಗುತ್ತಿದ್ದರೆ ಒಳಗೆ ಹೋಗಿ ಅನ್ನಕ್ಕಿಡಬಹುದು. ನಿಂತುಬಿಟ್ಟಿದ್ದರೆ ನಾವೂ ನಿಲ್ಲಬೇಕು. ನಿಲ್ಲುವುದಕ್ಕೂ ಒಂದು ಕ್ರಮವಿತ್ತು. ಯಾರ ಗಂಡಂದಿರು ಆ ಶಿಫ್ಟಿನಲ್ಲಿ ಒಳಗಿದ್ದಾರೋ ಅವರು ಮುಂದೆ. ಯಾರ ಗಂಡಂದಿರು ಮನೆಯಲ್ಲಿದ್ದಾರೋ ಅವರು ಹಿಂದೆ. ಯಾರೂ ಯಾರ ಹೆಸರನ್ನೂ ಎತ್ತುವ ಹಾಗಿರಲಿಲ್ಲ.

ಆವತ್ತು ಚಕ್ರ ನಿಂತಿತ್ತು. ಬಹಳ ಹೊತ್ತು ನಿಂತಿತ್ತು. ಅವರನ್ನು ಮೇಲೆ ತಂದಾಗ ಬಟ್ಟೆ ಸುತ್ತಿದ್ದರು. 'ಮುಖ ನೋಡೋದು ಬೇಡಮ್ಮ' ಅಂದರು. ಹೂಂ ಅಂದೆ. ನೋಡಲಿಲ್ಲ.

ಎಲ್ಲರೂ ನನ್ನ ಅಳುವಿಗೆ ಕಾದರು. ಪಕ್ಕದ ಮನೆಯ ತಮಿಳು ಅಕ್ಕ ನನ್ನ ಎರಡೂ ಭುಜ ಹಿಡಿದು ಅಲುಗಿಸಿ, 'ಅಳುದುಡು ಕಣ್ಣು, ಅಳುದುಡು' ಅಂತ ತಾನೇ ಅತ್ತಳು. ಅತ್ತುಬಿಡು ಅಂತ ಅವಳ ಆಸೆ. ನನಗೆ ಬರಲಿಲ್ಲ. ಬರದಿದ್ದದ್ದನ್ನು ಎಲ್ಲಿಂದ ತರಲಿ? ಕಾರ್ಯವೆಲ್ಲ ಮುಗಿದ ಮೇಲೆ ಶಾಲೆಗೆ ಹೋದೆ, ಅಕ್ಷಾಂಶ ರೇಖಾಂಶ ಪಾಠ ಮಾಡಿದೆ. ಕಂಪನಿಯ ಮನೆ ಬಿಡಬೇಕಾಯಿತು. ಶಾಲೆಯವರು ಕಾಂಪೌಂಡಿನ ಹಿಂದೆ ಒಂದು ಕೋಣೆ ಕೊಟ್ಟರು. ಅಲ್ಲಿಂದಲೂ ಚಕ್ರ ಕಾಣುತ್ತಿತ್ತು.

ನಮಗೆ ಒಬ್ಬಳೇ ಮಗಳು. ಆಗ ಐದನೇ ಕ್ಲಾಸು. ಬಾಯಿಬಡುಕಿ, ಮೊದಲೆಲ್ಲ ಅವಳ ಬಾಯಿಗೆ ಬೀಗ ಹಾಕುವುದೇ ಒಂದು ಕೆಲಸವಾಗಿತ್ತು. ಅಪ್ಪ ಹೋದ ಮೇಲೆ ಒಂದು ಸಂಜೆ ಆಟದಲ್ಲಿ ಬಿದ್ದು ಮಂಡಿ ತರಚಿಕೊಂಡು ಬಂದಳು. ರಕ್ತ ಇಳಿಯುತ್ತಿತ್ತು. ನನ್ನ ಮುಂದೆ ಬಂದು ಸುಮ್ಮನೆ ನಿಂತಳು. 'ತೊಳ್ಕೋ' ಅಂದೆ. ಅಷ್ಟೇ. ಹೋಗಿ ತೊಳೆದುಕೊಂಡಳು. ಅದಾದ ಮೇಲೆ ಅವಳು ನನಗೆ ಏನನ್ನೂ ತೋರಿಸಲಿಲ್ಲ, ಏನನ್ನೂ ಕೇಳಲಿಲ್ಲ. ಸಾರಿಗೆ ಉಪ್ಪು ಹಾಕದೆ ಬಡಿಸಿದರೂ ತಿಂದು ಏಳುತ್ತಿದ್ದಳು. ನನಗೂ ಉಪ್ಪಿಲ್ಲದ್ದು ಗೊತ್ತಾಗುತ್ತಿರಲಿಲ್ಲ.

ಹಾಗೇ ಒಂದು ವರ್ಷದ ಮೇಲಾಯಿತು. ಪರೀಕ್ಷೆ ಮುಗಿದ ಮೇಲೆ ನನ್ನ ಅಮ್ಮ ಹಳ್ಳಿಯಿಂದ ಬಂದಳು. ಎರಡು ದಿನ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಮೊಮ್ಮಗಳ ಬಟ್ಟೆಯನ್ನು ಒಂದು ಚೀಲಕ್ಕೆ ತುಂಬತೊಡಗಿದಳು.

'ಏನಮ್ಮ ಇದು?' ಅಂದೆ.

'ನೀನು ಕಲ್ಲಾಗೋಗಿದೀಯ ಕಣೆ. ಕಲ್ಲಿನ್ ತಾವ ಯಾರಾನಾ ಮಗೀನ ಬುಟ್ಟೋಯ್ತಾರಾ? ನನ್ ತಾವ ಇರ್ಲಿ. ಇಸ್ಕೂಲು ತೆಗಿಯೋದ್ರೊಳಗೆ ನೀನು ಮನುಷ್ಯಳಾದ್ರೆ ಬಂದು ಕರ್ಕೊಂಡೋಗು. ಇಲ್ಲಾಂದ್ರೆ ಅಲ್ಲೇ ಊರಾಗೆ ಸೇರುಸ್ಬುಡ್ತೀನಿ. ಇನ್ನು ಆ ಮಗಿ ನಂದು.'

ಹೂಂ ಅಂದೆ. ಮಗಳು ನನ್ನ ಮುಖ ನೋಡಿದಳು. ಬೇಡ ಅಂತ ನಾನು ಹೇಳುತ್ತೇನೇನೋ ಅಂತ ಕಾದಳು ಅಂತ ಈಗ ಅನ್ನಿಸುತ್ತದೆ. ಕೋರಮಂಡಲ್ ಸ್ಟೇಷನ್ನಿನಲ್ಲಿ ಇಬ್ಬರನ್ನೂ ಬಂಗಾರಪೇಟೆ ರೈಲಿಗೆ ಹತ್ತಿಸಿ, ಮನೆಗೆ ಬಂದು, ಉತ್ತರ ಪತ್ರಿಕೆ ತಿದ್ದಲು ಕೂತೆ.

ಅದೇ ವಾರ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕರೆಸಿದರು. ಅವರ ಸಭೆಯವರಿಗೆ ಇಂಗ್ಲೆಂಡಿನಲ್ಲಿ ಗುರುತಿನ ಶಾಲೆಗಳಿದ್ದವು. ಬೇಸಿಗೆ ರಜೆಯಲ್ಲಿ ನಾಲ್ಕಾರು ಊರುಗಳಿಂದ ಒಬ್ಬೊಬ್ಬ ಟೀಚರನ್ನು ಅಲ್ಲಿಗೆ ಕಳಿಸುತ್ತಿದ್ದರು. ಅಲ್ಲಿನ ಶಾಲೆ ನೋಡುವುದು, ಮ್ಯೂಸಿಯಂ ನೋಡುವುದು, ಯಾರದಾದರೂ ಮನೆಯಲ್ಲಿ ಉಳಿಯುವುದು.

'ಶೈಕ್ಷಣಿಕ ಪ್ರವಾಸ ಟೀಚರ್. ನಿಮಗೂ ಒಂದು ಬದಲಾವಣೆ. ದೇಶ ಸುತ್ತು ಕೋಶ ಓದು ಅಂತಾರಲ್ಲ' ಅಂದರು.

ಹೂಂ ಅಂದೆ. ಆ ಕಾಲದಲ್ಲಿ ಬಾವಿಗೆ ಹಾರು ಅಂದಿದ್ದರೂ ಹೂಂ ಅನ್ನುತ್ತಿದ್ದೆ.

ಪ್ರವಾಸದ ಬಗ್ಗೆ ಬರೆಯುವವರು ಮೊದಲ ವಿಮಾನ, ಮೊದಲ ಮೋಡ ಅಂತ ಪುಟ ತುಂಬಿಸುತ್ತಾರೆ. ನನ್ನ ಹತ್ತಿರ ಅಂಥದ್ದೇನೂ ಇಲ್ಲ. ವಿಮಾನದಲ್ಲಿ ಕಿವಿ ಗುಂಯ್ ಅಂದಿತು. ಲಂಡನ್ನಿನಲ್ಲಿ ನಮ್ಮನ್ನು ಥೇಮ್ಸ್ ನದಿಯ ಸೇತುವೆ ಮೇಲೆ ನಿಲ್ಲಿಸಿದರು. ಅದೆಷ್ಟು ಸಲ ಕಪ್ಪು ಹಲಗೆಯ ಮೇಲೆ ಆ ನದಿಯನ್ನು ಎಳೆದಿದ್ದೆನೋ. ನೋಡಿದೆ. ನೀರು. ಬೇತಮಂಗಲದ ಕೆರೆಯದ್ದೂ ನೀರು, ಇದೂ ನೀರು. ಜೊತೆಗಿದ್ದ ಟೀಚರುಗಳು ಅಯ್ಯೋ ಅಬ್ಬಬ್ಬಾ ಅನ್ನುತ್ತಿದ್ದರು. ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಚಿನ್ನದ ನಾಣ್ಯ, ಚಿನ್ನದ ಬಟ್ಟಲು ಇಟ್ಟಿದ್ದರು. 'ನಿಮ್ಮೂರ ಚಿನ್ನವೇ ಇರಬಹುದು ನೋಡಿ ಮೇಡಂ' ಅಂತ ಒಬ್ಬರು ತಮಾಷೆ ಮಾಡಿದರು. ಇರಬಹುದು ಅಂದೆ. ಎಲ್ಲರೂ ಮಕ್ಕಳಿಗೆ ಚಾಕಲೇಟ್ ಕೊಂಡರು, ಅವರು ಕೊಂಡರು ಅಂತ ನಾನೂ ಕೊಂಡೆ.

ಆಮೇಲೆ ನಮ್ಮನ್ನು ಬೇರೆ ಬೇರೆ ಊರಿಗೆ ಹಂಚಿದರು. ನನ್ನ ಪಾಲಿಗೆ ಬರ್ಮಿಂಗ್‌ಹ್ಯಾಮ್. ಕಾರ್ಖಾನೆಗಳ ಊರು, ಮಸಿ ಹಿಡಿದ ಇಟ್ಟಿಗೆಯ ಸಾಲು ಮನೆಗಳು. ನಾನು ಉಳಿದದ್ದು ಜಮೈಕಾ ದ್ವೀಪದಿಂದ ಬಂದು ಅಲ್ಲಿ ನೆಲೆಸಿದ್ದ ಒಬ್ಬ ನರ್ಸಮ್ಮನ ಮನೆಯಲ್ಲಿ. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳು, ದಪ್ಪ ಮೈ, ಕಪ್ಪು ಬಣ್ಣ, ನಕ್ಕರೆ ಮೆಟ್ಟಿಲ ಮೇಲಿನ ಬೆಕ್ಕು ಎದ್ದು ಹೋಗುತ್ತಿತ್ತು. ಅವಳ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಅವಳಿಗೆ ಕಾಲು. ಮೊದಲ ದಿನ ಅವಳು ಮಾಡಿಟ್ಟ ಕೋಳಿ ಸಾರು ತಿಂದು ನನ್ನ ಮೂಗಲ್ಲಿ ನೀರು ಬಂತು. ನಮ್ಮ ಸೀಮೆಯ ಖಾರ ತಿಂದವಳಿಗೆ ಖಾರ ಹತ್ತಿಸಿದಳಲ್ಲ, ಪರವಾಗಿಲ್ಲ ಹೆಂಗಸು ಅಂದುಕೊಂಡೆ. ಅವಳು ನನ್ನನ್ನು ಹೆಚ್ಚು ಮಾತಾಡಿಸಲಿಲ್ಲ, ಕನಿಕರವನ್ನೂ ತೋರಿಸಲಿಲ್ಲ. ಕನಿಕರ ತಿಂದು ತಿಂದು ನನಗೆ ಅಜೀರ್ಣವಾಗಿತ್ತು.

ಭಾನುವಾರ ಬಂತು. 'ನನ್ನ ಚರ್ಚಿಗೆ ಬರ್ತೀಯಾ? ನಮ್ಮ ಜನದ್ದು' ಅಂದಳು. ನಿನ್ನ ದೇವರು ಬೇರೆ ಅಂತ ನನಗೆ ಗೊತ್ತು, ಬಲವಂತ ಇಲ್ಲ ಅಂತಲೂ ಹೇಳಿದಳು. ಚರ್ಚು ನನಗೇನು ಹೊಸದೇ? ನಮ್ಮ ಊರಲ್ಲಿ ಲೈನಿಗೊಂದು ಇದೆ. ಹಬ್ಬಕ್ಕೆ ಸಿಸ್ಟರ್‌ಗಳ ಜೊತೆ ಹೋಗಿ ಹಿಂದಿನ ಸಾಲಲ್ಲಿ ಕೂತು ಬಂದಿದ್ದೇನೆ. ಹೆಂಗಸರು ಮುಡಿದ ಮಲ್ಲಿಗೆ, ಫ್ಯಾನಿನ ಕಿರಕಿರ, ಫಾದರ್ ಮಾತಾಡುವಾಗ ಕೆಮ್ಮಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಹಾಗೇ ಇರುತ್ತದೆ ಅಂದುಕೊಂಡು ಹೊರಟೆ.

ಅದು ಚರ್ಚಿನ ಹಾಗೆ ಕಾಣಲೇ ಇಲ್ಲ. ಯಾವುದೋ ಹಳೆಯ ಸಭಾಂಗಣ, ರಸ್ತೆಯಿಂದ ಮೆಟ್ಟಿಲು ಹತ್ತಿ ಹೋಗಬೇಕು. ಬಾಗಿಲ ಬಳಿ ನಾನು ಅಭ್ಯಾಸದಂತೆ ಶೂ ಕಾಲುಚೀಲ ಎರಡನ್ನೂ ಬಿಚ್ಚಿ ಮೂಲೆಯಲ್ಲಿಟ್ಟೆ. ನಮ್ಮ ಊರಲ್ಲಿ ಗುಡಿಯಾಗಲಿ ಚರ್ಚಾಗಲಿ ಮೆಟ್ಟಿಕೊಂಡು ಯಾರು ಒಳಗೆ ಹೋಗುತ್ತಾರೆ? ಸೀರೆಯ ಕೆಳಗೆ ಬರಿಗಾಲು ನೋಡಿ ಒಂದು ಮಗು ಅದರ ಅಮ್ಮನಿಗೆ ತೋರಿಸಿತು. ಸುತ್ತ ನೋಡಿದರೆ ಇಡೀ ಸಭೆಯೇ ಶೂ ಹಾಕಿಕೊಂಡಿದೆ. ತಲೆ ಮೇಲೆ ಹಳದಿ, ನೇರಳೆ, ಬಿಳಿ ಟೋಪಿಗಳನ್ನಿಟ್ಟ ಹೆಂಗಸರು. ನರ್ಸಮ್ಮ ಇರಲಿ ಬಿಡು ಅನ್ನುವ ಹಾಗೆ ನನ್ನ ಕೈ ಹಿಡಿದು ನಡುವಿನ ಸಾಲಿಗೆ ಕರೆದೊಯ್ದಳು. ಮರದ ಹಲಗೆಯ ನೆಲ ಅಂಗಾಲಿಗೆ ನುಣುಪಾಗಿತ್ತು.

ಪಾದ್ರಿ ಎರಡು ಮಾತು ಹೇಳುವಷ್ಟರಲ್ಲಿ ಯಾರೋ ಹಿಂದಿನಿಂದ 'ಹೌದು!' ಅಂತ ಕೂಗಿದರು. ಅಯ್ಯೋ, ಇವನನ್ನು ಈಗ ಹೊರಗೆ ಹಾಕುತ್ತಾರೆ ಅಂದುಕೊಂಡೆ. ಪಾದ್ರಿಗೆ ಖುಷಿಯಾಯಿತು. ಆಮೇಲೆ ಹಾಡು. ಡ್ರಮ್ಮು, ತಾಳ, ಒಂದು ದೊಡ್ಡ ಹಾರ್ಮೋನಿಯಂ ಥರದ್ದು. ಎಲ್ಲರೂ ಎದ್ದರು. ಚಪ್ಪಾಳೆ ತಟ್ಟಿದರು, ಓಲಾಡಿದರು, ಒಬ್ಬಳು ಅಜ್ಜಿ ಸಾಲು ಬಿಟ್ಟು ನಡುದಾರಿಗೆ ಬಂದು ಕುಣಿದೇ ಕುಣಿದಳು. ಒಬ್ಬ ಗಂಡಸು ಎಲ್ಲರ ಮುಂದೆ ಗೊಳೋ ಅಂತ ಅಳುತ್ತಿದ್ದ, ಅವನ ಪಕ್ಕದವನು ನಗುತ್ತಿದ್ದ, ಇಬ್ಬರೂ ಒಂದೇ ಹಾಡು ಹಾಡುತ್ತಿದ್ದರು. ನೋಡುತ್ತಾ ನಿಂತೆ. ಥೇಮ್ಸ್ ನೋಡಿದ ಹಾಗೆಯೇ ನೋಡಿದೆ. ಇವರಿಗೆಲ್ಲ ಎಷ್ಟು ಶಕ್ತಿ, ಬೆಳಿಗ್ಗೆ ಏನು ತಿಂದು ಬಂದಿರುತ್ತಾರೆ ಅಂತ ಯೋಚಿಸಿದ್ದು ನೆನಪಿದೆ.

ಹಾಡು ಏರಿತು. ಅಷ್ಟು ಜನ ಒಟ್ಟಿಗೆ, ಒಂದೇ ತಾಳಕ್ಕೆ, ಕಾಲು ಅಪ್ಪಳಿಸತೊಡಗಿದರು.

ನೆಲ ನಡುಗಿತು.

ಅಂಗಾಲಿನಿಂದ ಹತ್ತಿ ಮಂಡಿಗೆ ಬಂದ ಆ ನಡುಕ ನನಗೆ ಗೊತ್ತಿದ್ದದ್ದು. ಆಮೇಲೆ ನಾನು ಯೋಚಿಸಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಒಂದು ಸಾಲು ಜನರ ಮುಂದೆ ಹಾದು, ಕುಣಿಯುತ್ತಿದ್ದ ಅಜ್ಜಿಯನ್ನು ಪಕ್ಕಕ್ಕೆ ಸರಿಸಿ, ಬಾಗಿಲು ತಳ್ಳಿ, ಮೆಟ್ಟಿಲಿಳಿದು ರಸ್ತೆಗೆ ಬಂದು ನಿಂತು, ತಲೆಯೆತ್ತಿ ಚಕ್ರ ಹುಡುಕಿದೆ. ಮನೆಗಳ ಮಾಡುಗಳು ಕಂಡವು. ಹೊಗೆ ಚಿಮಣಿಗಳು ಕಂಡವು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಒಂದು ಬಸ್ಸು ಹೋಯಿತು. ಚಕ್ರ ಎಲ್ಲಿ? ಯಾವ ಕಡೆ ತಿರುಗಿದರೂ ಚಕ್ರ ಇಲ್ಲ. ನನಗೆ ಎಂಥ ಭಯವಾಯಿತು ಅಂದರೆ ರಸ್ತೆಯಲ್ಲೇ ಕುಕ್ಕರಿಸಿದೆ.

ನರ್ಸಮ್ಮ ನನ್ನ ಶೂ ಕೈಯಲ್ಲಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದಳು. 'ಏನಾಯಿತು ಮಗಳೇ, ಗದ್ದಲಕ್ಕೆ ಹೆದರಿದೆಯಾ?'

ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಊರಲ್ಲಿ ನೆಲದ ಕೆಳಗೆ ಗಣಿ. ಬಂಡೆ ಸಿಡಿಯುತ್ತದೆ. ನೆಲ ಅಲುಗಿದರೆ ಹೆಂಗಸರು ಹೊರಗೆ ಬಂದು ಚಕ್ರ ನೋಡಬೇಕು.

ಅವಳಿಗೆ ಎಷ್ಟು ಅರ್ಥವಾಯಿತೋ. ಒಂದೇ ಪ್ರಶ್ನೆ ಕೇಳಿದಳು. 'ಕೆಳಗೆ ನಿನ್ನವರು ಯಾರಿದ್ದಾರೆ?'

'ನನ್ನ ಗಂಡ' ಅಂದೆ. ಅಂದುಬಿಟ್ಟೆ. ಬಾಯಿಂದ ಬಂದಮೇಲೆ ಅದು ನನ್ನ ಕಿವಿಗೇ ಕೇಳಿಸಿತು. ಆಮೇಲೆ 'ಇಲ್ಲ' ಅಂದೆ. 'ಇಲ್ಲ. ಯಾರೂ ಇಲ್ಲ.'

ಅವರು ಹೋದಮೇಲೂ ನಮ್ಮೂರಲ್ಲಿ ನೆಲ ಅಲುಗಿದಾಗಲೆಲ್ಲ ನಾನು ಹೊರಗೆ ಬಂದು ಲೈನಿನ ಹೆಂಗಸರ ಜೊತೆ ಹೋಗಿ ನಿಂತಿದ್ದೇನೆ. ಮುಂದಿನ ಸಾಲಿನಲ್ಲೇ ನಿಂತಿದ್ದೇನೆ. ಹಿಂದಕ್ಕೆ ಬಾ ಅಂತ ಒಬ್ಬ ಹೆಂಗಸೂ ಅನ್ನಲಿಲ್ಲ. ಚಕ್ರ ತಿರುಗಿದರೆ ಸದ್ಯ ಅಂತ ಉಸಿರು ಬಿಟ್ಟು ಒಳಗೆ ಹೋಗುತ್ತಿದ್ದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರಿಗಾಗಿ ಹಾಗೆ ಉಸಿರು ಬಿಡುತ್ತಿದ್ದೆ ಅಂತ ಆ ರಸ್ತೆಯಲ್ಲಿ ಕುಕ್ಕರಿಸಿದಾಗ ಮೊದಲ ಸಲ ಕೇಳಿಕೊಂಡೆ. ಉತ್ತರವೂ ಅಲ್ಲೇ ಇತ್ತು.

ನರ್ಸಮ್ಮ 'ದೇವರ ಇಚ್ಛೆ' ಅನ್ನಲಿಲ್ಲ. ಅಂದಿದ್ದರೆ ಹೊಡೆದುಬಿಡುತ್ತಿದ್ದೆನೋ ಏನೋ. ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ತಾನು ಕಷ್ಟಪಟ್ಟು ಮಂಡಿಯೂರಿ, ನನ್ನ ಕಾಲನ್ನು ತನ್ನ ಅಂಗೈಯಲ್ಲಿ ತಿಕ್ಕಿ ಕಾಲುಚೀಲ ಹಾಕಿದಳು. ಕಾಲು ಮರಗಟ್ಟಿತ್ತು, ತಿಕ್ಕಿದ ಮೇಲೆ ಉರಿಯತೊಡಗಿತು. ಅಮ್ಮಾ ಅಂದೆ. ಆ ಊರಲ್ಲಿ ಅಷ್ಟು ಚಳಿ ಇದೆ ಅಂತ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಅಳು ಬಂತಾ ಅಂದರೆ, ಇಲ್ಲ. ಸಿನಿಮಾದಲ್ಲಿ ಬರುತ್ತದೆ. ನಾನು ಅವಳ ಜೊತೆ ವಾಪಸ್ ಒಳಗೆ ಹೋಗಿ ಕೂತೆ. ಅಜ್ಜಿ ಇನ್ನೂ ಕುಣಿಯುತ್ತಿದ್ದಳು.

ಊರಿಗೆ ಬಂದೆ. ಸಿಸ್ಟರ್ ಟೀಚರುಗಳ ಮೀಟಿಂಗ್ ಕರೆದು ಪ್ರವಾಸದಿಂದ ಏನು ಕಲಿತಿರಿ ಹೇಳಿ ಅಂದರು. ಥೇಮ್ಸ್, ಮ್ಯೂಸಿಯಂ, ಅಲ್ಲಿನ ಶಾಲೆಯ ಶಿಸ್ತು ಅಂತ ಹೇಳಿ ಕೂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಮಕ್ಕಳನ್ನು ಟೂರಿಗೆ ಕರೆದುಕೊಂಡು ಹೋಗಿದ್ದೇನೆ. ಮದ್ರಾಸಿನ ಸಮುದ್ರ ತೋರಿಸಿದರೆ ಬಸ್ಸಿನಲ್ಲಿ ವಾಂತಿ ಮಾಡಿಕೊಂಡದ್ದನ್ನೇ ಬಂದು ಬರೆಯುತ್ತಾರೆ. ಬರೆಯಲಿ. ನಾವು ತೋರಿಸಲು ಕರೆದೊಯ್ದದ್ದನ್ನು ಅವರು ನೋಡುವುದಿಲ್ಲ. ಬೇರೆ ಏನನ್ನೋ ನೋಡಿರುತ್ತಾರೆ, ಅದನ್ನು ಟೀಚರ ಹತ್ತಿರ ಹೇಳುವುದೂ ಇಲ್ಲ. ಆದರೂ ಕರೆದುಕೊಂಡು ಹೋಗಬೇಕು. ಕೂತಲ್ಲೇ ಕೂತವರಿಗೆ ಅದೂ ಸಿಗುವುದಿಲ್ಲ.

ಆ ವರ್ಷ ನಾನು ಇಂಗ್ಲೆಂಡಿನಿಂದ ಬಂದಾಗ ಶಾಲೆ ತೆರೆಯಲು ಇನ್ನು ಕೆಲವೇ ದಿನ ಇದ್ದವು. ಬಂಗಾರಪೇಟೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಅಮ್ಮನ ಊರಿಗೆ ಹೋದೆ. ಮಗಳು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಹೋಗಿ, ಕಾಲು ತೊಳೆಯಲು ಒಂದು ಚೊಂಬು, ಕುಡಿಯಲು ಒಂದು ಲೋಟ ನೀರು ತಂದಿಟ್ಟಳು. ನೆಂಟರಿಗೆ ಇಡುವ ಹಾಗೆ. ನನ್ನ ಮಗಳು ನನಗೆ.

ಅಮ್ಮ ಕೊಟ್ಟಿಗೆಯಿಂದಲೇ ಕೂಗಿದಳು. 'ಬಂದ್ಯಾ? ಸೀಮೆ ಶೋಕಿ ಎಲ್ಲಾ ಮುಗೀತಾ? ಇಲ್ಲೇ ಸೇರುಸ್ತೀನಿ ಅಂತ ಮೇಷ್ಟ್ರಿಗೆ ಏಳ್ಬುಟ್ಟಿದೀನಿ. ನಿಂಗೇನಾನಾ ಏಳೋದಿದ್ರೆ ಈಗ್ಲೇ ಏಳ್ಬುಡು.'

ಹೇಳಲು ನನ್ನ ಹತ್ತಿರ ಏನಿತ್ತು? ಮಗಳು ನನಗೆ ಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಮಗಳ ಎದುರು ಕೂತು ನಾನೂ ಹುಣಸೆಹಣ್ಣಿನ ಬೀಜ ತೆಗೆಯತೊಡಗಿದೆ. ಚಾಕಲೇಟ್ ಕೊಟ್ಟೆ, ಪಕ್ಕದಲ್ಲಿಟ್ಟುಕೊಂಡಳು. ವಿಮಾನದ ಬಗ್ಗೆ ಹೇಳಿದೆ. 'ಹೌದಾ' ಅಂದಳು. ಥೇಮ್ಸ್ ಬಗ್ಗೆ ಹೇಳಿದೆ. 'ಹೌದಾ.' ಇನ್ನೇನೂ ಉಳಿಯಲಿಲ್ಲ ಅಂತ ಚರ್ಚಿನ ಕತೆ ಹೇಳಿದೆ. ಟೋಪಿಗಳು, ಡ್ರಮ್ಮು, ನೆಲ ನಡುಗಿದ್ದು, ಕುಣಿಯುವ ಅಜ್ಜಿಯನ್ನು ನಾನು ತಳ್ಳಿ ಬರಿಗಾಲಲ್ಲಿ ರಸ್ತೆಗೆ ಓಡಿದ್ದು.

'ಅಜ್ಜೀನ ತಳ್ಳಿದ್ಯಾ?' ಅಂದಳು. ಅವಳ ತುಟಿ ಅಲುಗಿತು. 'ಚಪ್ಪಲಿ ಇಲ್ದೆ? ರೋಡಿಗೆ?' ಆಮೇಲೆ ನಕ್ಕುಬಿಟ್ಟಳು. ಎಷ್ಟು ಕಾಲದ ಮೇಲೆ ಆ ನಗು ಕೇಳಿದೆನೋ.

'ಆಮೇಲೆ? ಅಲ್ಲಿ ಚಕ್ರ ಇತ್ತಾ?'

'ಇಲ್ಲ.'

'ಮತ್ತೆ ಏನ್ ಮಾಡ್ದೆ?'

'ಏನೂ ಮಾಡ್ಲಿಲ್ಲ. ಅಲ್ಲಿ ನಿಂತ್ಮೇಲೆ ಗೊತ್ತಾಯ್ತು, ಅಪ್ಪ ಇಲ್ಲ ಅಂತ.'

ಅವಳ ಕೈ ನಿಂತಿತು. ನನ್ನನ್ನೇ ನೋಡಿದಳು. 'ಈಗ ಗೊತ್ತಾಯ್ತಾ ನಿಂಗೆ?'

'ಹೂಂ.'

'ನಂಗೆ ಅವತ್ತೇ ಗೊತ್ತಾಯ್ತು ಅಮ್ಮ' ಅಂದಳು. 'ನಿಂಗೆ ಗೊತ್ತಾಗ್ಲಿ ಅಂತ ಕಾಯ್ತಾ ಇದ್ದೆ. ನಿಂಗೇ ಗೊತ್ತಿಲ್ದೆ ಇರುವಾಗ ನಾನೊಬ್ಳೇ ಹೆಂಗೆ ಅಳ್ಲಿ?'

ಅವಳು ಅತ್ತಳು. ನಾನು ಅತ್ತೆ. ಹುಣಸೆಹಣ್ಣಿನ ಕೈಯಲ್ಲಿ ಕಣ್ಣೊರೆಸಿಕೊಂಡು ಉರಿ ಹತ್ತಿ ಇನ್ನಷ್ಟು ಅತ್ತೆವು. ಅವಳನ್ನು ಮಡಿಲಿಗೆ ಎಳೆದುಕೊಂಡೆ, ದೊಡ್ಡವಳಾಗಿದ್ದಳು, ಕಾಲು ಜಗಲಿಯಿಂದ ಆಚೆ ಚಾಚಿತ್ತು.

ಅಮ್ಮ ಹಾಲಿನ ಕ್ಯಾನು ಹಿಡಿದು ಕೊಟ್ಟಿಗೆಯಿಂದ ಬಂದವಳು ನಮ್ಮನ್ನು ನೋಡಿ ನಿಂತಳು. ಸಮಾಧಾನ ಮಾಡಲು ಬರಲಿಲ್ಲ.

'ಅಳ್ರಿ, ಚೆನ್ನಾಗಿ ಅಳ್ರಿ' ಅಂದಳು. 'ನಾನು ಡೈರಿಗೆ ಆಲು ಆಕಿ ಬತ್ತೀನಿ. ಅಂಗೇ ಮೇಷ್ಟ್ರುನ್ನೂ ನೋಡ್ಕಂಡು ಬತ್ತೀನಿ, ಮಗೀನ ಇಲ್ಲಿ ಸೇರುಸಲ್ಲ ಅಂತ ಏಳ್ಬೇಕು.'